ಕಿಂಗಾ ಬೋಳಿಸಿದ ಸಾಲು

ನನ್ನ ಹೆಂಡತಿ ಕೊಸಾನಾ ಸಿಟ್ಟು ಬಂದು ಕೂಗಾಡಿದರೆ ನನಗೆ ಹೆದರಿಕೆಯಿಲ್ಲ. ಮದುವೆಯಾದಾಗಿನಿಂದ ಕೇಳಿ ಕೇಳಿ ಕಿವಿ ಪಳಗಿದೆ. ಅವಳು ಸುಮ್ಮನಾದಳೋ, ಆಗ ಟೋಪಿ ಹಾಕಿಕೊಂಡು ಕೊಟ್ಟಿಗೆಯ ಕಡೆ ಹೊರಡುತ್ತೇನೆ. ಈ ವರ್ಷ ವಸಂತದಿಂದ ಸೆಪ್ಟೆಂಬರಿನವರೆಗೆ ನಾನು ಕೊಟ್ಟಿಗೆಯಲ್ಲೇ ಸಂಸಾರ ಮಾಡಿದೆ ಅನ್ನಬೇಕು.

ಎಲ್ಲ ಹಿತ್ತಲಿನ ರಾಸ್ಪ್‌ಬೆರಿಯಿಂದ. ನಮ್ಮ ಇವಾನ್ಯಿತ್ಸಾ ಕಡೆ ಗುಡ್ಡಗುಡ್ಡವೆಲ್ಲ ಅದೇ ಬೆಳೆ, ಕೋಲ್ಡ್ ಸ್ಟೋರೇಜಿನ ಲಾರಿಗೆ ತುಂಬುವುದಕ್ಕೆ. ನಮ್ಮ ಹಿತ್ತಲಿನದು ಮಾತ್ರ ಮನೆಗೆ. ಬಾವಿಯಿಂದ ಬೇಲಿಯವರೆಗೆ ಒಂದೇ ಸಾಲು. ಹಣ್ಣಿನ ಕಾಲದಲ್ಲಿ ಇಬ್ಬನಿ ಆರಿದ ಮೇಲೆ ಕೊಸಾನಾ ಬೋಗುಣಿ ಹಿಡಿದು ಹೋಗುತ್ತಾಳೆ. ಬೆರಳು ತಾಗಿದರೆ ಸಾಕು, ತೊಟ್ಟು ಬಿಟ್ಟು ಕೈಗೆ ಬರುವಂಥದ್ದನ್ನೇ ಬಿಡಿಸುತ್ತಾಳೆ. ಎಳೆದರೆ ಬರುವುದನ್ನು ನಾಳೆಗೆ ಬಿಡುತ್ತಾಳೆ. ನಾನು ಹಿಂದೆ ಹಿಂದೆ ಹೋಗಿ ಬಾಯಿಗೆ ಹಾಕಿಕೊಳ್ಳುತ್ತೇನೆ, ಬೈಸಿಕೊಳ್ಳುತ್ತೇನೆ. ಬಿಸಿಲಿಗೆ ಬೆಚ್ಚಗಾದ ಆ ಹಣ್ಣಿಗೆ ಎಷ್ಟು ಬೈಸಿಕೊಂಡರೂ ನಷ್ಟವಿಲ್ಲ.

ಬೋಗುಣಿಗೆ ಬಿದ್ದದ್ದು ಸ್ಲಾತ್ಕೊ ಆಗುತ್ತದೆ. ಹಣ್ಣು ಇಡಿಯಾಗಿಯೇ ಉಳಿಯುವಂತೆ ಸಕ್ಕರೆ ಪಾಕದಲ್ಲಿ ಕುದಿಸಿದ್ದು. ಮನೆಗೆ ಯಾರೇ ಬರಲಿ, ಮೊದಲು ಅದರ ಒಂದು ಚಮಚ, ಒಂದು ಲೋಟ ತಣ್ಣೀರು, ಆಮೇಲೆ ಕಾಫಿ, ಆಮೇಲೆ ಮಾತು. ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯಿದೆ. ಹೊಸ ಸೊಸೆ ಮೊದಲ ವರ್ಷದ ಸ್ಲಾತ್ಕೊವನ್ನು ತಾನೇ ಮಾಡಿ, ಸೆಪ್ಟೆಂಬರಿನಲ್ಲಿ ಮನೆದೇವರ ಹಬ್ಬದ ದಿನ ತಟ್ಟೆಯಲ್ಲಿಟ್ಟು ನಮ್ಮ ಕೂಮ್‌ಗೆ ಕೊಡಬೇಕು. ಮದುವೆಗೆ ಸಾಕ್ಷಿ ನಿಲ್ಲುವವನು, ಮಕ್ಕಳಿಗೆ ಹೆಸರಿಡುವವನು ಕೂಮ್. ರಕ್ತ ಬೇರೆಯಾದರೂ ನಮಗೆ ಅಣ್ಣತಮ್ಮಂದಿರಿಗಿಂತ ಹೆಚ್ಚು. ಅವನು ಚಮಚ ಬಾಯಿಗಿಟ್ಟ ಮೇಲೆ ಸೊಸೆ ಮನೆಯವಳಾದಳು. ಕೊಸಾನಾ ಹಾಗೇ ಆದವಳು.

ಈ ವರ್ಷ ಆ ಸರದಿ ಕಿಂಗಾಳದು. ನನ್ನ ಮಗ ಬೊಯಾನ್ ಲಾರಿ ಓಡಿಸುತ್ತಾನೆ. ಪೋಲೆಂಡಿನಲ್ಲಿ ಹಣ್ಣು ಇಳಿಸಿ ಬಾ ಅಂದರೆ ಹೆಣ್ಣು ಹತ್ತಿಸಿಕೊಂಡು ಬಂದ. ಒಳ್ಳೆಯ ಹುಡುಗಿ. ನಮ್ಮ ಚರ್ಚಿನದು ಹಳೆಯ ಪಂಚಾಂಗ; ಅವಳ ಕಡೆಯ ಕ್ರಿಸ್‌ಮಸ್ ನಮ್ಮದಕ್ಕಿಂತ ಎರಡು ವಾರ ಮೊದಲು ಬರುತ್ತದಾದ್ದರಿಂದ ಬಂದ ಚಳಿಗಾಲದಲ್ಲೇ ನನಗೆ ಎರಡೆರಡು ಹಬ್ಬದೂಟ ಸಿಕ್ಕಿತು. ನನ್ನ ಮಟ್ಟಿಗೆ ಅವಳು ಅವತ್ತೇ ಮನೆಯವಳು.

ಮಾರ್ಚಿನಲ್ಲಿ ಕೊಸಾನಾ ಮಗಳ ಬಾಣಂತನಕ್ಕೆಂದು ಊಜಿತ್ಸೆಗೆ ಹೋದಳು. ನಾನು ಪ್ಲಮ್ ಮರದಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಒಲೆ ಪಕ್ಕ ಮಲಗಿದ್ದೆ. ಕಿಂಗಾ ಕತ್ತರಿ ಹಿಡಿದು ಬಂದಳು.

"ಮಾವ, ಅತ್ತೆ ಬರೋಷ್ಟ್ರಲ್ಲಿ ರಾಸ್ಪ್‌ಬೆರಿ ಸಾಲು ಚೊಕ್ಕ ಮಾಡಿಡ್ತೀನಿ."

"ಮಾಡಮ್ಮ," ಅಂದೆ. ಕುಡಿ ಸವರಿ ತಂತಿಗೆ ಕಟ್ಟುತ್ತಾಳೆ ಅಂದುಕೊಂಡೆ. ಕಿಟಕಿಯಾಚೆ ಕತ್ತರಿಯ ಸದ್ದು ಕೇಳುತ್ತಿತ್ತು. ಎಂಥ ಕೆಲಸಗಾತಿ ಅಂತ ಹೆಮ್ಮೆಯಿಂದ ನಿದ್ದೆ ಹೋದೆ.

ವಾಪಸು ಬಂದ ಕೊಸಾನಾ ಗಂಟು ಇಳಿಸುವ ಮೊದಲೇ ಹಿತ್ತಲಿಗೆ ಹೋದಳು. ನಾನೂ ಕುಂಟುತ್ತಾ ಹೋದೆ. ಬಾವಿಯಿಂದ ಬೇಲಿಯವರೆಗೆ ನೆಲ ಬೋಳು. ಒಂದು ಕಡ್ಡಿಯೂ ನಿಂತಿರಲಿಲ್ಲ. ಮೇಲೆ ಗೊಬ್ಬರ ಬೇರೆ ಹರಡಿತ್ತು, ಅಚ್ಚುಕಟ್ಟಾಗಿ.

"ಬುಡಕ್ಕೆ ಕತ್ತರಿಸಿದೀನಿ ಅತ್ತೆ," ಅಂದಳು ಕಿಂಗಾ, ಹೊಗಳಿಕೆಗೆ ಕಾಯುತ್ತಾ. "ನಮ್ಮಮ್ಮ ಪ್ರತಿ ವರ್ಷ ಹೀಗೇ ಮಾಡೋದು."

ಅವಳ ತಪ್ಪಲ್ಲ. ಅವಳ ತಾಯಿಯ ಹಿತ್ತಲಿನ ಜಾತಿ ಬೇರೆ. ವಸಂತದಲ್ಲಿ ಚಿಗುರಿದ ಕಡ್ಡಿ ಆ ಶರತ್ಕಾಲಕ್ಕೇ ಹಣ್ಣು ಬಿಡುತ್ತದೆ, ಅದನ್ನು ಬುಡಕ್ಕೆ ಕತ್ತರಿಸುವುದೇ ಸರಿ. ನಮ್ಮದು ಹಾಗಲ್ಲ. ಕಡ್ಡಿ ಒಂದು ವರ್ಷ ಬೆಳೆದು, ಮರುವರ್ಷ ಹಣ್ಣು ಕೊಟ್ಟು ಒಣಗುತ್ತದೆ. ಈ ಬೇಸಿಗೆಯ ಹಣ್ಣೆಲ್ಲ ಅವಳು ಕತ್ತರಿಸಿ ಸುಟ್ಟ ಕಡ್ಡಿಗಳಲ್ಲೇ ಇತ್ತು.

ಕೊಸಾನಾ ಕೂಗಾಡಲಿಲ್ಲ. ಒಳಗೆ ಹೋಗಿ ಆಲೂಗಡ್ಡೆ ಸುಲಿಯಲು ಕೂತಳು.

"ಪಕ್ಕದ ಮನೆಯಿಂದ ಒಂದು ಬುಟ್ಟಿ ಹಣ್ಣು ತಂದರೆ ಆಯ್ತಲ್ಲ," ಅಂದು ನೋಡಿದೆ.

"ಆಗ್ಲಿ. ಹಂಗೇ ಪಕ್ಕದ ಮನೆ ಸೊಸೆನೇ ತಟ್ಟೆ ಹಿಡ್ಕೊಂಡ್ ಬರ್ಲಿ."

ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಅತ್ತೆ ಸೊಸೆಯ ಮಧ್ಯೆ ಉಳಿದದ್ದು ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ. ಕಿಂಗಾ ತಾಯಿಗೆ ಫೋನ್ ಮಾಡಿ ಅತ್ತಳು. ಏಪ್ರಿಲಿನಲ್ಲಿ ಒಬ್ಬ ಬಸ್ ಡ್ರೈವರ್ ಒದ್ದೆ ಕಾಗದದಲ್ಲಿ ಸುತ್ತಿದ ಕಟ್ಟೊಂದನ್ನು ತಂದುಕೊಟ್ಟ. ಒಳಗೆ ಬೇರು ಸಮೇತ ರಾಸ್ಪ್‌ಬೆರಿ ಸಸಿಗಳು. ಕಿಂಗಾ ಅವನ್ನು ಹಂದಿಗೂಡಿನ ಪಕ್ಕ ನೆಟ್ಟಳು; ಬೇರೆಲ್ಲಾದರೂ ನೆಡಲೇ ಅಂತ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಕೊಸಾನಾ ಆ ಕಡೆ ತಿರುಗಿಯೂ ನೋಡಲಿಲ್ಲ.

ಬೇಸಿಗೆಯಲ್ಲಿ ಊರವರ ಕೈಯೆಲ್ಲ ಕೆಂಪು. ನಮ್ಮ ಸಾಲು ಆಳೆತ್ತರ ಬೆಳೆದು ಹಸಿರಾಗಿ ನಿಂತಿತು, ಒಂದು ಹಣ್ಣಿಲ್ಲ. ಬೇಲಿಯಾಚೆಯಿಂದ ಒಬ್ಬೊಬ್ಬರೂ ಕೇಳುವವರೇ, "ತಿಹೊಮಿರ್, ನಿಮ್ಮನೇಲಿ ಈಗ ಎಲೆ ತಿಂತೀರೇನಪ್ಪ?"

ಆಗಸ್ಟಿನಲ್ಲಿ ಬೊಯಾನ್ ನನ್ನನ್ನು ಕೊಟ್ಟಿಗೆಗೆ ಹುಡುಕಿಕೊಂಡು ಬಂದ. "ಕಿಂಗಾ ಹಬ್ಬ ಮುಗಿಸ್ಕೊಂಡು ಅಮ್ಮನ ಮನೆಗೆ ಹೋಗ್ತಾಳಂತಪ್ಪ. ಚಳಿಗಾಲ ಅಲ್ಲೇ ಇರ್ತಾಳಂತೆ."

"ಆಮೇಲೆ?"

ಅವನು ಲಾರಿಯ ಕಡೆ ಹೊರಟ. ಅಟ್ಟದಿಂದ ಸೂಟ್‌ಕೇಸ್ ಕೆಳಗಿಳಿದು ಅವರ ಕೋಣೆಯ ಬಾಗಿಲ ಹತ್ತಿರ ಬಾಯಿ ತೆರೆದುಕೊಂಡು ಕೂತಿತ್ತು. ಆ ಬಾಗಿಲು ಹಾಯಬೇಕಾದಾಗಲೆಲ್ಲ ನಾನು ಹಿತ್ತಲಿಂದ ಸುತ್ತಿಕೊಂಡು ಹೋಗುತ್ತಿದ್ದೆ. ಮಗನಿಗಿಂತ ಹೆಚ್ಚಾಗಿ ನನಗೇ ಅಳು ಬರುವಂತಿತ್ತು.

ಆ ತಿಂಗಳು ಮಳೆ ಕೈಕೊಟ್ಟಿತು. ಒಂದು ಮುಂಜಾನೆ ಹಂದಿಗೆ ಮೇವು ಹಾಕಲು ಹೋದರೆ ಕೊಸಾನಾ ಬಕೆಟ್ ಹಿಡಿದು ನಿಂತಿದ್ದಾಳೆ. ಪೋಲೆಂಡಿನ ಸಸಿಗಳ ಬುಡಕ್ಕೆ ನಿಧಾನವಾಗಿ ನೀರು ಬಿಡುತ್ತಿದ್ದಾಳೆ.

"ಇದೇನೇ?"

"ಹಂದಿಗೆ ನೀರು."

"ಹಂದಿ ಈ ಕಡೆ ಇದೆ."

"ನಿಂಗೆ ಕಾಲು ವಾಸಿಯಾದ್ರೂ ಬಾಯಿ ವಾಸಿಯಾಗಲ್ಲ ನೋಡು. ಅವಳಿಗೆ ಹೇಳಿದ್ಯೋ, ಪ್ಲಮ್ ಬ್ರಾಂಡಿ ಇರೋ ಕಪಾಟಿಗೆ ಬೀಗ."

ನಾನು ಹೇಳಲಿಲ್ಲ. ಬ್ರಾಂಡಿಗಾಗಿ ಮಾತ್ರ ಅಲ್ಲ.

ಸೆಪ್ಟೆಂಬರಿನಲ್ಲಿ, ಊರಿನ ಸಾಲುಗಳೆಲ್ಲ ಬರಿದಾದ ಮೇಲೆ, ಹಂದಿಗೂಡಿನ ಪಕ್ಕ ಕೆಂಪು ಕಾಣಿಸಿತು. ಮೊದಲ ವರ್ಷದ ಗಿಡ, ಹೆಚ್ಚೇನಿಲ್ಲ. ಆದರೆ ಹಣ್ಣು ನನ್ನ ಹೆಬ್ಬೆರಳಿನ ತುದಿಯಷ್ಟು ದಪ್ಪ. ಕಿಂಗಾ ಒಂದೊಂದನ್ನೇ ಬೆರಳು ತಾಗಿಸಿ ಬಿಡಿಸಿದಳು. ನನ್ನ ಕೈಗೆ ಮೂರು ಹಾಕಿದಳು. ಬಾಯಿಗಿಟ್ಟೆ. ಸಿಹಿ ಮೊದಲು, ಹುಳಿ ಕೊನೆಗೆ, ಥೇಟ್ ನಮ್ಮದರ ಹಾಗೆ. ಅಲ್ಲೇ ನಿಂತು ಕಣ್ಣೊರೆಸಿಕೊಂಡೆ.

ಹಬ್ಬದ ಹಿಂದಿನ ದಿನ ಅವಳು ಒಬ್ಬಳೇ ಪಾಕಕ್ಕಿಟ್ಟಳು. ಕೇಳುವವರಿಲ್ಲ, ಹೇಳುವವರಿಲ್ಲ. ಪಾಕ ಗಟ್ಟಿಯಾಯಿತು, ಒಂದು ಹಿಡಿ ಹಣ್ಣು ಹಾಕಿದಳು, ಸೌಟು ತೆಗೆದುಕೊಂಡು ತಿರುವಿದಳು. ಹಣ್ಣು ಒಡೆದು ಗೊಜ್ಜಿನಂತಾಯಿತು. ಬೋಗುಣಿಯಲ್ಲಿ ಉಳಿದಿದ್ದು ಒಂದು ಸಲಕ್ಕೆ ಮಾತ್ರ ಸಾಕು. ಅವಳು ಒಲೆಯ ಮುಂದೆ ಸೌಟು ಹಿಡಿದು ಹಾಗೇ ನಿಂತಳು.

ಬಾಗಿಲಲ್ಲಿ ಕೊಸಾನಾ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಸೌಟು ಕೆಳಗಿಡು," ಅಂದಳು. ಒಳಗೆ ಬಂದು ಹೊಸ ಪಾಕ ಇಟ್ಟಳು. "ಸ್ಲಾತ್ಕೊಗೆ ಸೌಟು ತಾಗಿಸ್ಬಾರ್ದು. ಪಾತ್ರೆ ಕಿವಿ ಹಿಡ್ಕೋ. ಅಲ್ಲಾಡ್ಸು. ಅಯ್ಯೋ, ಮಗು ತೂಗೋ ಥರ ಅಲ್ಲಾಡ್ಸೇ, ಲಾರಿ ಓಡಿಸೋ ಥರ ಅಲ್ಲ! ನನ್ನ ಮಗನ ಜೊತೆ ಸೇರಿ ನೀನೂ ಹಂಗೇ ಆದೆ."

ತಿಂಗಳುಗಟ್ಟಲೆ ಆದ ಮೇಲೆ ಬೈಗುಳ! ಕಿಟಕಿಯಾಚೆ ಸೌದೆ ಒಡೆಯುತ್ತಾ ಎಲ್ಲ ನೋಡುತ್ತಿದ್ದ ನನಗೆ ಕುಣಿಯಬೇಕೆನಿಸಿತು. ಕಿಂಗಾ ಮೂಗು ಸೊರಸೊರ ಎಳೆದುಕೊಳ್ಳುತ್ತಾ ಪಾತ್ರೆ ತೂಗಿದಳು, ಅತ್ತೆ ನೊರೆ ತೆಗೆದಳು. ಹಣ್ಣು ಒಂದೂ ಒಡೆಯಲಿಲ್ಲ.

ಮರುದಿನ ಕೂಮ್ ಒಬ್ರಾದ್ ಹೊಸ ಕೋಟು ತೊಟ್ಟು ಬಂದ. ದೇವರ ಮೇಣದಬತ್ತಿ ಉರಿಯುತ್ತಿತ್ತು, ಬೇಯಿಸಿ ಸಕ್ಕರೆ ಬೆರೆಸಿದ ಹಬ್ಬದ ಗೋಧಿ ಮೊದಲು ಬಾಯಿಗೆ ಬಿತ್ತು. ಆಮೇಲೆ ಕಿಂಗಾ ತಟ್ಟೆ ಹಿಡಿದು ಬಂದಳು. ಲೋಟಗಳು ಕಿಣಿಕಿಣಿ ಅನ್ನುತ್ತಿದ್ದವು. ಒಬ್ರಾದ್ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. ನೀರು ಕುಡಿದ. ಮತ್ತೆ ಬಟ್ಟಲು ನೋಡಿದ.

"ನಿಮ್ಮ ಸಾಲು ಬೋಳಾಯ್ತು ಅಂತ ಊರೆಲ್ಲ ಹೇಳ್ತಿತ್ತು. ಇದು ಯಾರ ಮನೆ ಹಣ್ಣು ಕೊಸಾನಾ?"

ಕಿಂಗಾ ನೆಲ ನೋಡಿದಳು.

"ಯಾರ ಮನೇದು ಅಂದ್ರೆ? ನಮ್ಮನೇದು," ಅಂದಳು ನನ್ನ ಹೆಂಡತಿ. "ಸೊಸೆ ತವರಿಂದ ತಂದು ನೆಟ್ಟಿದ್ದು. ಮುಂದಿನ ವರ್ಷದಿಂದ ನಮ್ಮನೇಲಿ ಎರಡು ಸಲ ಹಣ್ಣು. ಊರಿಗೂ ಹೇಳು." ತಾನೂ ಒಂದು ಚಮಚ ತಿಂದಳು. "ನಿಂಬೆ ಇನ್ನೊಂಚೂರು ಬೇಕಿತ್ತು."

ಹಬ್ಬ ಮುಗಿದ ಬೆಳಗ್ಗೆ ಕಿಂಗಾ ತಮ್ಮ ಕೋಣೆಯ ಬಾಗಿಲಲ್ಲಿ ನಿಂತು "ಮಾವ!" ಅಂತ ಕೂಗಿದಳು. ಹೋಗಿ ನೋಡಿದರೆ ಸೂಟ್‌ಕೇಸಿನ ತುಂಬ ವಾಲ್‌ನಟ್. ಮರದಿಂದ ಉದುರಿದ್ದನ್ನೆಲ್ಲ ಆರಿಸಿ, ಸಿಪ್ಪೆ ತೆಗೆದು, ಅಂಚಿನವರೆಗೆ ಸುರಿದಿತ್ತು.

ಕೊಸಾನಾ ಏಪ್ರನ್ನಿನಲ್ಲಿ ಇನ್ನೊಂದಿಷ್ಟು ತುಂಬಿಕೊಂಡು ಒಳಗೆ ಬಂದಳು. ನಮ್ಮ ಯಾರ ಮುಖವನ್ನೂ ನೋಡಲಿಲ್ಲ.

"ಒಣಗಿಸಕ್ಕೆ ಬೇರೆಲ್ಲೂ ಜಾಗ ಇರ್ಲಿಲ್ಲ," ಅಂದಳು. "ಇನ್ನು ಇದು ಖಾಲಿಯಾಗೋದು ಕ್ರಿಸ್‌ಮಸ್ ಕೇಕಿಗೇ."

ಕಿಂಗಾ ಒಂದು ವಾಲ್‌ನಟ್ ಕೈಗೆತ್ತಿಕೊಂಡಳು.

"ಯಾವ ಕ್ರಿಸ್‌ಮಸ್‌ಗೆ ಅತ್ತೆ? ನಮ್ಮದಕ್ಕಾ, ನಿಮ್ಮದಕ್ಕಾ?"

"ಎರಡಕ್ಕೂ," ಅಂದಳು ಕೊಸಾನಾ, ಏಪ್ರನ್ ಕೊಡವುತ್ತಾ. "ನಿಂತ್ಕೊಂಡೇನ್ ನೋಡ್ತೀಯ, ಕತ್ತರಿ ತಗೊಂಡು ಬಾ. ಯಾವ ಕಡ್ಡಿ ಮುಟ್ಟಬಾರ್ದು ಅಂತ ತೋರಿಸ್ತೀನಿ."