ನಾಯಿಗೆ ಒಂದು ಕಿಲೋ

ಸಾಲಿನ ತುದಿಯಲ್ಲಿ ಆ ಬೂದು ಅಂಗಿ, ಸವೆದ ಕಾಲರನ್ನು ತಿರುವಿ ಹೊಲಿದದ್ದು, ಅಷ್ಟು ಸಣ್ಣ ಹೊಲಿಗೆ ಅತ್ತಿಗೆಯದೇ, ಅಲ್ಲ, ಅಣ್ಣನಾಗಿರಲಾರ, ಬೂಟು ಕಾರ್ಖಾನೆಯವರೆಲ್ಲ ಬೂದು ಅಂಗಿಯವರೇ — ಅವಳು ತಲೆ ತಗ್ಗಿಸಿ ತಗಡಿನ ಡಬ್ಬಿಯನ್ನು ಡ್ರಮ್ಮಿನೊಳಗೆ ಇಳಿಸಿದಳು, ಮುರಿದ ಬಿಸ್ಕತ್ತುಗಳು ಕರಕರ ಎಂದವು. ಮುಂದೆ ನಿಂತ ಹೆಂಗಸು, ಮೊನ್ನೆಮೊನ್ನೆವರೆಗೂ ಮೂಲೆ ಅಂಗಡಿಯಲ್ಲಿ ಹೊಳೆಯುವ ಪೊಟ್ಟಣಗಳನ್ನೇ ಕೊಳ್ಳುತ್ತಿದ್ದವಳು, ಚೀಲ ಚಾಚಿ ನಾಯಿಗೆ ಒಂದು ಕಿಲೋ ಕೊಡಮ್ಮ ಎನ್ನುತ್ತಾಳೆ, ಎಲ್ಲರೂ ಹಾಗೇ ಅನ್ನುವುದು, ಬಿಸ್ಕತ್ತು ಕಾರ್ಖಾನೆ ಎಸೆಯುವ ಈ ಚೂರುಗಳನ್ನು ತಾವು ತಿನ್ನುತ್ತೇವೆಂದು ಯಾರೂ ಒಪ್ಪಿಕೊಳ್ಳುವುದಿಲ್ಲ, ನಮ್ಮ ಬೀದೀಲಿ ನಾಯಿಗಿಂತ ನಾಯಿ ಸಾಕಿದೋರೇ ಜಾಸ್ತಿ ಕಣೆ ಎಂದು ಅಮ್ಮ ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಾಳೆ, ಆದರೆ ಗಿರಾಕಿಯೆದುರು ನಗಬಾರದು, ಅದು ಅಮ್ಮ ಹಾಕಿದ ಅಂಗಡಿಯ ಕಟ್ಟಳೆ, ನಾಯಿ ಅಂದರೆ ನಾಯಿ, ಹೂಂ ಅನ್ನು, ಮೇಲಿನ ದೊಡ್ಡ ಚೂರು ಹಾಕು, ತಳದ ಪುಡಿ ಹಾಕ್ಬೇಡ, ತಿನ್ನೋದು ಮಕ್ಕಳು. ನಾಯಿ ಎಂದೊಡನೆ ಕಣ್ಣೆದುರು ಆ ನೀಲಿ ಬಟ್ಟಲು, ಬೇಡ, ಈಗ ಬೇಡ.

ಹೋದ ವರ್ಷ ಈ ಹೊತ್ತಿಗೆ ಅಮ್ಮನೂ ಅವಳೂ ಇಲ್ಲಿ ನೊಣ ಹೊಡೆಯುತ್ತ ಕೂತಿದ್ದರು. ಬೂಟು ಕಾರ್ಖಾನೆಯಲ್ಲಿ ಸಂಬಳ ಏರಿಸಿದ್ದೇ ತಡ, ಸಾಲು ಕರಗಿತು, ಇಡೀ ಬೀದಿಯ ನಾಯಿಗಳಿಗೆ ಒಮ್ಮೆಲೇ ಹಸಿವು ನಿಂತುಹೋಯಿತು. ಜನರ ಕೈಯಲ್ಲಿ ದುಡ್ಡು ಆಡಿದರೆ ಅಂಗಡಿಗಳೆಲ್ಲ ತುಂಬುತ್ತವೆ ಎಂದು ಮೇಷ್ಟ್ರು ಹೇಳಿದ್ದರು, ಏಳನೇ ತರಗತಿಯಲ್ಲಿ, ಆಮೇಲೆ ಅವಳು ಶಾಲೆಯ ಮುಖ ನೋಡಲಿಲ್ಲ, ಮೇಷ್ಟ್ರು ಈ ಡ್ರಮ್ಮಿನ ಹಿಂದೆ ಒಂದು ದಿನ ನಿಂತಿದ್ದರೆ ಗೊತ್ತಾಗುತ್ತಿತ್ತು, ಜನ ಚೆನ್ನಾಗಿ ಬದುಕಿದಷ್ಟೂ ಖಾಲಿ ಹೊಡೆಯುವ ಅಂಗಡಿಯೂ ಒಂದಿರುತ್ತದೆ ಎಂದು. ಬಿಸ್ಕತ್ತು ಮೆತ್ತಗಾಯಿತು, ಹುಳ ಬಿತ್ತು, ಅಮ್ಮನೂ ಅವಳೂ ಎರಡು ಹೊತ್ತೂ ಅದನ್ನೇ ಟೀಯಲ್ಲಿ ಅದ್ದಿ ತಿಂದರು, ಆಗಲೇ ಅಲ್ಲವೇ ಅವಳು ಅಂದುಕೊಂಡದ್ದು, ಇವರ ಸಂಬಳಕ್ಕೆ ಬೆಂಕಿ ಬೀಳಲಿ ಎಂದು, ಬಾಯಿಬಿಟ್ಟಲ್ಲ, ಬಾಯಿಬಿಟ್ಟು ಅವಳು ಏನನ್ನು ತಾನೇ ಹೇಳಿದ್ದಾಳೆ, ಬಿದ್ದೇ ಬಿತ್ತು, ಈಗ ವಾರಕ್ಕೆ ಮೂರೇ ದಿನ ಕೆಲಸ, ಅರ್ಧ ಸಂಬಳ, ಸಾಲು ತಿರುವಿನವರೆಗೂ ಬೆಳೆದಿದೆ, ಮೂಲೆ ಅಂಗಡಿಯವನು ಪೊಟ್ಟಣಗಳ ಧೂಳು ಒರೆಸುತ್ತ ಈಗ ನಿಮ್ಮದೇ ಕಾಲ ಬಿಡಮ್ಮ ಅನ್ನುತ್ತಾನೆ, ಹೌದು, ಅವಳದೇ ಕಾಲ, ಅವಳೇ ಬೇಡಿ ತರಿಸಿಕೊಂಡದ್ದು.

ಬೂದು ಅಂಗಿ ಎರಡು ಹೆಜ್ಜೆ ಮುಂದೆ ಬಂತು. ಅಣ್ಣನೇ. ಕಾರ್ಖಾನೆಯಲ್ಲಿ ಮೇಸ್ತ್ರಿಯಾದ ಮೇಲೆ ಮೇಲಿನ ಬೀದಿಗೆ ಮನೆ ಬದಲಿಸಿದ, ನಾಯಿ ತಂದ, ನಿಜವಾದ ನಾಯಿ, ಅದಕ್ಕೊಂದು ನೀಲಿ ಬಟ್ಟಲು, ಅಂಚಿನಲ್ಲಿ ಬಿಳಿ ಗೆರೆ. ಅವನ ಮಗಳಿಗೆ ಜ್ವರ ಎಂದು ಕೇಳಿ ಅವಳು ಇಡೀ ಮಧ್ಯಾಹ್ನ ಡ್ರಮ್ಮಿನಲ್ಲಿ ಕೈಯಾಡಿಸಿ, ಸಕ್ಕರೆ ಉದುರಿಸಿದವನ್ನೇ, ಮೂಲೆ ಮಾತ್ರ ಮುರಿದವನ್ನೇ ಹೆಕ್ಕಿ ಒಯ್ದಿದ್ದಳು, ಮಗುವಿಗೆ ಅದೇ ಇಷ್ಟ, ಮೊದಲು ನಾಲಿಗೆ ಚಾಚಿ ಸಕ್ಕರೆ ನೆಕ್ಕಿ ಆಮೇಲೆ ಕಚ್ಚುವ ಮಗು. ಅಣ್ಣ ಚೀಲದೊಳಗೆ ಇಣುಕಿದ, ಇನ್ನೂ ಇದನ್ನೇ ತಿನ್ನಿಸ್ಬೇಕಾ ನನ್ನ ಮಗಳಿಗೆ, ನಾಲ್ಕು ಜನ ನೋಡಿದ್ರೆ ಏನಂದ್ಕೋತಾರೆ ಎಂದ, ಹೋಗ್ಲಿ ಬಿಡ್ರೀ, ಪಾಪ, ಆಸೆಪಟ್ಟು ತಂದಿದಾಳೆ ಎಂದು ಅತ್ತಿಗೆ ಅನ್ನುತ್ತಲೇ ಇದ್ದಳು, ಅವನು ಹಿತ್ತಲಿಗೆ ಹೋಗಿ ಸುರಿದ, ನೀಲಿ ಬಟ್ಟಲಿಗೆ, ನಾಯಿ ಮೂಸಿತು, ಮುಖ ತಿರುಗಿಸಿತು, ನಾಯಿಯೂ. ಅವಳು ಖಾಲಿ ಚೀಲ ಮಡಚಿಕೊಂಡು ಬಂದು ಮಗು ಚಪ್ಪರಿಸಿಕೊಂಡು ತಿಂತಮ್ಮ ಎಂದು ಅಮ್ಮನಿಗೆ ಹೇಳಿದಳು. ಆ ನಾಯಿ ಈಗಿಲ್ಲ, ಅರ್ಧ ಸಂಬಳದ ಎರಡನೇ ತಿಂಗಳಿಗೇ ಯಾರಿಗೋ ಕೊಟ್ಟನಂತೆ. ಬರಲಿ, ಇವತ್ತು ಕೇಳಿಯೇ ಬಿಡುತ್ತೇನೆ, ಏನಣ್ಣಾ, ದಾರಿ ತಪ್ಪಿ ಬಂದ್ಯಾ, ಎಲ್ಲರೆದುರು, ತಳದ ಪುಡಿಯನ್ನೇ ಹಾಕುತ್ತೇನೆ, ಹುಳ ಸಮೇತ, ಮಾತು ಗಂಟಲಲ್ಲೇ ಕೂತು ವರ್ಷವಾಯಿತು, ಅಮ್ಮ ಹಿಂದೆ ಮೂಟೆ ಬಿಚ್ಚುತ್ತಿದ್ದಾಳೆ, ಅವನನ್ನಿನ್ನೂ ನೋಡಿಲ್ಲ — ಅವನು ಬಂದು ನಿಂತ, ಕಣ್ಣು ಡ್ರಮ್ಮಿನ ಮೇಲೆ, ಚೀಲ ಹಿಡಿದ ಬೆರಳುಗಳಲ್ಲಿ ಬೂಟಿನ ಅಂಟಿನ ಕಲೆಯಿಲ್ಲ, ಅರ್ಧ ವಾರ ಕೆಲಸವಿಲ್ಲದ ಕೈಯ ಬಿಳಿ ಉಗುರು. ನಾಯಿಗೆ, ಅಂದ, ಒಡಹುಟ್ಟಿದವಳೆದುರು, ನಾಯಿಗೆ ಒಂದು ಕಿಲೋ. ಹೂಂ, ಅಂದಳು, ಕಟ್ಟಳೆ. ನಾಯಿಗೆ ಯಾವುದು ಇಷ್ಟ ಅಣ್ಣಾ, ತನ್ನದೇ ದನಿ, ಚುಚ್ಚಲೆಂದೇ ಕೇಳಿದ್ದು, ಹಿಂದೆ ನಿಂತವರ್ಯಾರೋ ಕಿಸಕ್ಕೆಂದರು, ಅವನು ತುಟಿ ಒದ್ದೆ ಮಾಡಿಕೊಂಡ, ಸಕ್ಕರೆ ಉದುರಿಸಿರ್ತಾರಲ್ಲ, ಅದು, ಇದ್ರೆ. ಅವಳ ಕೈ ತಳದ ಪುಡಿಯವರೆಗೂ ಹೋಯಿತು, ಮೇಲೆ ಬಂತು, ಮೂಲೆ ಮಾತ್ರ ಮುರಿದದ್ದೊಂದು ಬೆರಳಿಗೆ ಸಿಕ್ಕಿತು, ಹರಳು ಹರಳು ಸಕ್ಕರೆ, ನಾಲಿಗೆ ಚಾಚುವ ಮಗು, ಹಾಕಬೇಕು, ಸಾಲು ಕಾಯುತ್ತಿದೆ, ಖಾಲಿ ಚೀಲ ಬಾಯಿ ತೆರೆದುಕೊಂಡು ಎದುರಿಗಿದೆ, ಅವಳ ಕಣ್ಣಿಗೆ ಮಾತ್ರ ಒಳಗೆ ಯಾಕಿಷ್ಟು ನೀಲಿ, ದುಂಡಗೆ, ಅಂಚಿನಲ್ಲಿ ಬಿಳಿ ಗೆರೆ, ನೀಲಿ ಬಟ್ಟಲು, ನೀಲಿ ಬಟ್ಟಲು —