ಹ್ಯಾಟವೇ ಅಮ್ಮನವರ ಅಸಲಿ ಸಹಿ

ಅಲಬಾಮಾದ ಸೀಡರ್ ಫೋರ್ಕ್ ಊರಿನಲ್ಲಿ ಅತಿ ಮುದ್ದಾದ ಅಕ್ಷರ ಮಿಸೆಸ್ ಹ್ಯಾಟವೇ ಅವರದೆಂದು ಊರಿಗೆ ಊರೇ ನಂಬಿತ್ತು. ನಂಬದಿದ್ದವರು ಇಬ್ಬರೇ: ಹ್ಯಾಟವೇ ಅಮ್ಮ ಮತ್ತು ಅವರ ಅಡುಗೆಯವಳು ವರ್ಡೆಲ್ ಗ್ಯಾಸ್ಕಿನ್. ಅಮ್ಮನ ಬರಹ ಕೋಳಿ ತಿಪ್ಪೆ ಕೆದರಿದ ಹಾಗೆ. ಹತ್ತೊಂಬತ್ತು ವರ್ಷಗಳಿಂದ ಅವರ ಪತ್ರ, ಹಾರೈಕೆ, ಮಹಿಳಾ ಸಂಘದ ಭಾಷಣ, ಕೊನೆಗೆ ಸಹಿಯನ್ನೂ ವರ್ಡೆಲ್ಲೇ ಬೆಂಡೆಕಾಯಿ ಹೆಚ್ಚಿದ ಕೈ ಒರೆಸಿಕೊಂಡು ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದಳು. ಅಕ್ಷರವಷ್ಟೇ ಅಲ್ಲ, ಅಮ್ಮನ ಮೂಗಿನ ರಾಗವೂ ಕಾಗದದ ಮೇಲೆ ಇಳಿಯುತ್ತಿತ್ತು.

ವರ್ಡೆಲ್‌ಗೆ ಬೇಕಾಗಿದ್ದದ್ದು ಒಂದು ವೋಟು. ಅವಳ ಬೀದಿಯ ಚರಂಡಿ ಮಳೆ ಬಂದಾಗಲೆಲ್ಲ ಮನೆಯೊಳಗೆ ಬಂದು ಕ್ಷೇಮಸಮಾಚಾರ ವಿಚಾರಿಸಿಕೊಂಡು ಹೋಗುತ್ತಿತ್ತು. ಅದನ್ನು ಮುಚ್ಚಿಸದ ಕಮಿಷನರ್ ಕಳೆದ ಚುನಾವಣೆಯಲ್ಲಿ ಗೆದ್ದದ್ದು ಒಂಬತ್ತೇ ವೋಟಿನಿಂದ. ವರ್ಡೆಲ್ ಈ ಲೆಕ್ಕವನ್ನು ಮರೆತಿರಲಿಲ್ಲ.

ಮತದಾರರ ಪಟ್ಟಿ ಬರೆಯುವ ಕಚೇರಿ ತಿಂಗಳಿಗೆ ಎರಡೇ ಸೋಮವಾರ ಬಾಗಿಲು ತೆರೆಯುತ್ತಿತ್ತು. ಅಧಿಕಾರಿ ಪ್ರೂಯಿಟ್ ಅವಳ ಅರ್ಜಿಯನ್ನು ಮೂರನೆಯ ಸಲವೂ ಎರಡೇ ಬೆರಳಲ್ಲಿ ಎತ್ತಿ, ಸತ್ತ ಇಲಿಯಂತೆ ಆಚೆಗಿಟ್ಟ.

"ಅಕ್ಷರ ಸರಿಯಿಲ್ಲ ಕಣೆ, ವರ್ಡೆಲ್. ಇಲ್ನೋಡು, ಬರವಣಿಗೆ ಅಂದ್ರೆ ಇದು!" ಎಂದು ಗೋಡೆಗೆ ತೂಗುಹಾಕಿದ್ದ, ಚೌಕಟ್ಟು ಹಾಕಿದ ಪತ್ರವನ್ನು ತೋರಿಸಿದ. ಅವನ ಇಪ್ಪತ್ತೈದು ವರ್ಷದ ಸೇವೆಯನ್ನು ಹೊಗಳಿ ಹ್ಯಾಟವೇ ಅಮ್ಮ ಬರೆದ ಪತ್ರ. ಅದನ್ನು ಬರೆದ ದಿನ ಒಲೆಯ ಮೇಲಿನ ಸೊಪ್ಪು ಸೀದುಹೋಗಿದ್ದು ವರ್ಡೆಲ್‌ಗೆ ನೆನಪಾಯಿತು.

"ತುಂಬಾ ಚೆನ್ನಾಗಿದೆ ಸಾರ್," ಎಂದಳು. ನಿಜ ಹೇಳಿದರೆ ಕೆಲಸ ಹೋಗುತ್ತಿತ್ತು.

"ಅದೂ ಅಲ್ದೆ, ನಿನ್ನ ನಡತೆಗೆ ಪಟ್ಟಿಯಲ್ಲಿರೋರೊಬ್ರು ಹೊಣೆಪತ್ರ ಕೊಡ್ಬೇಕು." ಪಟ್ಟಿಯಲ್ಲಿ ವರ್ಡೆಲ್‌ಳಂಥ ಕರಿಯರು ಒಬ್ಬರೂ ಇರಲಿಲ್ಲ. ಬಿಳಿಯರು ಕೊಡುವವರಲ್ಲ. ಪ್ರೂಯಿಟ್ ನಿಶ್ಚಿಂತನಾಗಿದ್ದ.

ಮರುವಾರ ಮಹಿಳಾ ಸಂಘದ ವಾರ್ಷಿಕೋತ್ಸವ. ಪ್ರೂಯಿಟ್ ಮುಖ್ಯ ಅತಿಥಿ. ಕರಿಯರಿಗೆ ಇಲ್ಲಿ ವೋಟು ಯಾಕಿಲ್ಲ ಎಂದು ಕೇಳಿಕೊಂಡು ಉತ್ತರದ ರಾಜ್ಯಗಳ ಪತ್ರಿಕೆಯವನೊಬ್ಬ ಬೇರೆ ಬರುವವನಿದ್ದ.

"ನಮ್ಮೂರಲ್ಲಿ ಯಾರಿಗೂ ಅನ್ಯಾಯ ಆಗಿಲ್ಲ ಅನ್ನೋ ಥರ ಒಂದು ಭಾಷಣ ಬರಿ," ಎಂದರು ಅಮ್ಮ.

"ಹಂಗೇ ಬರೀತೀನಿ ಅಮ್ಮಾವ್ರೇ."

ಅಮ್ಮ ಭಾಷಣವನ್ನು ಮೊದಲೇ ಓದಿ ನೋಡುವವರಲ್ಲ. ಹೋದ ವರ್ಷ "ಇಲ್ಲಿ ನಿಲ್ಲಿಸಿ ನೀರು ಕುಡಿಯಿರಿ" ಎಂಬುದನ್ನೂ ರಾಗವಾಗಿ ಓದಿ ಚಪ್ಪಾಳೆ ಗಿಟ್ಟಿಸಿದ್ದರು.

ಈ ಸಲವೂ ಓದಿದರು. "ಯೋಗ್ಯರನ್ನು ನಾವೆಂದೂ ತಡೆದಿಲ್ಲ. ಉದಾಹರಣೆಗೆ ನನ್ನ ಅಡುಗೆಯವಳು ವರ್ಡೆಲ್. ಆಕೆಯ ನಡತೆಗೆ ನಾನೇ ಹೊಣೆ. ಬರುವ ಸೋಮವಾರ ನಮ್ಮ ಪ್ರೂಯಿಟ್ ಅವರೇ ಆಕೆಯ ಹೆಸರನ್ನು..." ಅಮ್ಮನ ರಾಗ ಅರ್ಧಕ್ಕೆ ಸಿಕ್ಕಿಕೊಂಡಿತು. ಆದರೆ ಪತ್ರಿಕೆಯವನ ಪೆನ್ಸಿಲ್ ಓಡುತ್ತಿತ್ತು, ಅಭ್ಯಾಸಬಲದಿಂದ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. "...ಪಟ್ಟಿಗೆ ಸೇರಿಸುತ್ತಾರೆ." ಪ್ರೂಯಿಟ್ ಬಾಯಲ್ಲಿದ್ದ ಪೀಕಾನ್ ಪೈಯನ್ನು ಅಗಿಯದೆ ನುಂಗಿ ತಲೆಯಾಡಿಸಿದ.

ಮನೆಗೆ ಬಂದ ಅಮ್ಮ ಕೂಗಾಡಲಿಲ್ಲ. ಕೂಗಾಡಿದರೆ ಭಾಷಣ ಬರೆದವರು ಯಾರೆಂದು ನೆರೆಮನೆಗೂ ಕೇಳಿಸುತ್ತಿತ್ತು. "ಆ ಹೊಣೆಪತ್ರ ನೀನೇ ಬರ್ಕೊಂಡು ಹೋಗು ಮಾರಾಯ್ತಿ," ಎಂದರು.

"ಬೇಡಿ ಅಮ್ಮಾವ್ರೇ. ಇದು ದೇವರ ಮೇಲೆ ಆಣೆ ಮಾಡೋ ಕಾಗದ. ಸುಳ್ಳಾಗಬಾರ್ದು. ಸಹಿ ನೀವೇ ಹಾಕಿ."

ಹತ್ತೊಂಬತ್ತು ವರ್ಷಗಳ ಮೇಲೆ ಅಮ್ಮ ಪೆನ್ನು ಹಿಡಿದು, ನಾಲಿಗೆ ಕಚ್ಚಿಕೊಂಡು ಕೆದರಿದರು.

ಸೋಮವಾರ ಪ್ರೂಯಿಟ್ ಹೊಣೆಪತ್ರ ನೋಡಿದ, ಗೋಡೆಯ ಪತ್ರ ನೋಡಿದ, ಮತ್ತೆ ಹೊಣೆಪತ್ರ ನೋಡಿದ. ಅವನ ಮುಖ ಹಬ್ಬದ ಮನೆಯಂತೆ ಬೆಳಗಿತು.

"ಸಿಕ್ಕಿಬಿದ್ಯಲ್ಲೇ! ಇದು ಹ್ಯಾಟವೇ ಅಮ್ಮಾವ್ರ ಸಹೀನಾ? ಕಳ್ಳಸಹಿ! ಜೈಲಿಗೆ ಕಳಿಸಬಹುದಿತ್ತು. ಹೋಗ್ಲಿ, ಊಟದ ಹೊತ್ತು. ಎರಡು ಗಂಟೆಯೊಳಗೆ ಅಸಲಿ ಸಹಿ ತಾ. ಇಲ್ದಿದ್ರೆ ಅರ್ಜಿ ರದ್ದು!"

ಹೊಸ ಫಾರಂ ಹಿಡಿದು ವರ್ಡೆಲ್ ಹೊರಗೆ ಬಂದಳು. ಮೆಟ್ಟಿಲ ಮೇಲೆ ಚರ್ಚಿನ ಗೆಳತಿ ಲೂವೀನಿಯಾ ಕಾಯುತ್ತಿದ್ದಳು.

"ಏನಾಯ್ತೇ?"

"ಅಸಲಿ ಕೊಟ್ಟೆ. ನಕಲಿ ಅಂತಾನೆ."

"ಹಂಗಾದ್ರೆ ಅವನಿಗೆ ಗೊತ್ತಿರೋ ಅಸಲೀನೇ ಕೊಡು."

"ಆಣೆ ಕಾಗದ ಕಣೇ."

"ನಡತೆಗೆ ತಾನೇ ಹೊಣೆ ಅಂತ ನಿಮ್ಮ ಅಮ್ಮಾವ್ರು ಸಭೇಲಿ ಬಾಯಿಬಿಟ್ಟು ಹೇಳಿಲ್ವಾ? ದೇವ್ರು ಅದನ್ನ ಕೇಳಿಸ್ಕೊಂಡಿದಾನೆ. ಪ್ರೂಯಿಟ್‌ಗೆ ಕಿವಿ ಇಲ್ಲ, ಕಣ್ಣು ಮಾತ್ರ. ಕಣ್ಣಿಗೆ ಬೇಕಾದ್ದು ಕಣ್ಣಿಗೆ ಹಾಕು."

ವರ್ಡೆಲ್ ಒಂದೂವರೆ ಗಂಟೆ ಕೂತಳು. ಆಮೇಲೆ ಕಣ್ಣು ಮುಚ್ಚಿ ಒಂದು ಪ್ರಾರ್ಥನೆ ಹೇಳಿ, ಕಣ್ಣು ತೆರೆದು, ಬಾಲ ಸುತ್ತಿದ ಆ ಮುದ್ದಾದ ಸಹಿ ಹಾಕಿದಳು.

ಪ್ರೂಯಿಟ್ ಭೂತಗನ್ನಡಿ ಹಿಡಿದು ಗೋಡೆಯ ಪತ್ರಕ್ಕೂ ಫಾರಂಗೂ ನಾಲ್ಕು ಸಲ ಓಡಾಡಿದ. ತಪ್ಪೇ ಸಿಗಲಿಲ್ಲ. ನಿಟ್ಟುಸಿರು ಬಿಟ್ಟು ದಪ್ಪ ಪುಸ್ತಕವನ್ನು ಮುಂದೆ ತಳ್ಳಿದ. ಅಲ್ಲಿ ವರ್ಡೆಲ್ ತನ್ನದೇ ಹೆಸರನ್ನು ತನ್ನದೇ ಅಕ್ಷರದಲ್ಲಿ ಬರೆದಳು.

"ಸೊಟ್ಟ," ಎಂದ ಪ್ರೂಯಿಟ್. "ಅಮ್ಮಾವ್ರನ್ನ ನೋಡಿ ಕಲೀಬಾರ್ದಾ?"

"ನಿಮ್ಮ ಉಪಕಾರ ಅವ್ರಿಗೆ ಹೇಳ್ತೀನಿ ಸಾರ್. ಒಂದು ಕಾಗದ ಬಂದ್ರೂ ಬರಬಹುದು."

ಪ್ರೂಯಿಟ್‌ನ ಮುಖ ಸ್ವಲ್ಪ ಸಡಿಲವಾಯಿತು. ಗೋಡೆಯ ಕಡೆ ತಿರುಗಿ ಕಣ್ಣಳತೆಯಲ್ಲೇ ಅಳೆದ.

"ಬರ್ಲಿ. ಪಕ್ಕದಲ್ಲಿ ಜಾಗ ಇದೆ."