ಅಡುಗೆಮನೆಯ ಸೀನು

"ಒದ್ದೆ ಕೈನ ಕತ್ತಿನ ಹಿಂದೆ ಒರೆಸ್ಕೋಬೇಡ್ವೇ, ಶೀತ ಆಗುತ್ತೆ. ಎಲ್ಲಾ ಅಪ್ಪನ ಚಾಳಿ," ಎಂದರು ಪಕ್ಕದ ಮನೆಯ ಚಿಕ್ಕಮ್ಮ. ಮಗಳು ಇನ್ನೊಂದು ಟ್ರೇ ಚಹಾ ಲೋಟ ತೊಳೆದಳು.

ಹಜಾರದಲ್ಲಿ ಅಪ್ಪ ಕೊನೆಯ ಸಲ ಮಲಗಿದ್ದ, ಎದೆಯ ಮೇಲೆ ಹೂವಿನ ಹಾರ. ಬಂದವರೆಲ್ಲ ಸಿನಿಮಾದ ಮಾತಾಡುತ್ತಿದ್ದರು. ಆಡದೆ ಇನ್ನೇನು? ದೋಣಿ ಮಗುಚಿದ ದಿನ ಅಷ್ಟು ಜನರನ್ನು ದಡಕ್ಕೆಳೆದ ಪುಣ್ಯಾತ್ಮನಿಗೆ ಹೆಂಡತಿಯೊಬ್ಬಳನ್ನು ಉಳಿಸಿಕೊಳ್ಳಲಾಗಲಿಲ್ಲ. ಮಗಳಿಗೆ ಆಗ ಹಲ್ಲೂ ಬಂದಿರಲಿಲ್ಲ. ಅದೇ ಕತೆ ತೆರೆಗೆ ಬಂದಿತ್ತು.

"ಪೇಪರ್‌ನೋರು ಎಷ್ಟು ಹೊಗಳಿದ್ರು. ನೀರಿನ ಸೀನಲ್ಲಿ ಉಸಿರೇ ನಿಂತೋಯ್ತು ಅಂತ," ಎಂದ ಹಳೆಯ ದೋಣಿಗಾರ.

"ಅಡುಗೆಮನೆ ಸೀನು ಮಾತ್ರ ಅನ್ನದಲ್ಲಿ ಕಲ್ಲು ಸಿಕ್ಕಂಗೆ ಅಂತ ಎಲ್ಲಾರೂ ಒಂದೇ ರಾಗ," ಎಂದ ಕ್ಷೌರದಂಗಡಿಯವನು. "ಅಣ್ಣ ನನ್ನ ಅಂಗಡೀಲೇ ಆ ಪೇಪರ್ ಹರಿದು ಹಾಕಿದ್ದ."

*

ಸಿನಿಮಾ ಬಿಡುಗಡೆಯಾದ ಮೊದಲ ದಿನ ಅಪ್ಪ ಒಬ್ಬನೇ ಹೋಗಿದ್ದ, ಮಗಳಿಗೆ ಪರೀಕ್ಷೆ. ಬಂದವನ ಮುಖ ನೋಡಬೇಕಿತ್ತು.

"ನಿಮ್ಮಮ್ಮನ್ನ ನೋಡ್ದೆ ಕಣೇ. ಒಂದು ಫೋಟೋನೂ ತೆಗೆಸ್ದೋಳಲ್ಲ, ಅಲ್ಲಿ ಓಡಾಡ್ತಾಳೆ. ಅವಳು ಹೆಂಗೆ ಮಾಡ್ತಿದ್ಲೋ ಹಂಗೇ ಆ ನಟಿಗೆ ನಾನೇ ಎಲ್ಲಾ ಹೇಳ್ಕೊಟ್ಟಿದ್ದು."

ಮುಂದಿನ ವಾರ ಇಬ್ಬರೂ ಹೋದರು. ಅಮ್ಮನದೆಂದು ಉಳಿದದ್ದು ನೀರಿನಲ್ಲಿ ಮುಳುಗುವ ಒಂದು ಕೈ ಮಾತ್ರ. ವಿಮರ್ಶೆ ಓದಿ ನಿರ್ಮಾಪಕರು ಅಡುಗೆಮನೆಗೆ ಕತ್ತರಿ ಹಾಕಿಸಿದ್ದರು. ದೀಪ ಹತ್ತಿದ ಮೇಲೂ ಅಪ್ಪ ಏಳಲಿಲ್ಲ.

"ನಿಮ್ಮಮ್ಮ ಬರ್ಲೇ ಇಲ್ವಲ್ಲ," ಎಂದ.

ಅಮ್ಮನನ್ನು ಒಂದೇ ಒಂದು ಸಲ ನೋಡಬೇಕೆಂಬ ಆಸೆ ಅಂದಿನಿಂದ ಮಗಳ ಎದೆಯಲ್ಲಿ ಕೂತುಬಿಟ್ಟಿತು.

*

ಶವದ ಗಾಡಿ ಬರುವ ಮುನ್ನ ಆ ಸಿನಿಮಾದ ಎಡಿಟರ್ ಬಂದ.

"ಅಣ್ಣ ಪ್ರತಿ ವರ್ಷ ಫೋನ್ ಮಾಡ್ತಿದ್ರಮ್ಮ, ಆ ಸೀನು ಸಿಕ್ತಾ ಅಂತ. ಹಳೇ ಡಿಸ್ಕಲ್ಲಿ ಮೊನ್ನೆ ಸಿಕ್ತು. ಭಾನುವಾರ ತರ್ತೀನಿ ಅಂದಿದ್ದೆ."

ಅಂದು ಭಾನುವಾರವೇ.

ಮಗಳು ಅವನ ಫೋನು ಹಿಡಿದು ಅಡುಗೆಮನೆಯಲ್ಲಿ ನಿಂತಳು. ಹೆಂಗಸೊಬ್ಬಳು ಪಾತ್ರೆ ತೊಳೆಯುತ್ತಾಳೆ, ಏನೋ ಗೊಣಗಿ ತಾನೇ ನಗುತ್ತಾಳೆ. ಬೇರೇನೂ ಆಗುವುದಿಲ್ಲ; ಪೇಪರಿನವರು ಸುಳ್ಳು ಬರೆದಿರಲಿಲ್ಲ. ಆಮೇಲೆ ಆಕೆ ನಲ್ಲಿ ನಿಲ್ಲಿಸಿ, ಒದ್ದೆ ಕೈಗಳನ್ನು ಕತ್ತಿನ ಹಿಂದೆ ಒರೆಸಿಕೊಂಡಳು.

ಮಗಳಿಗೆ ಅಳು ತಡೆಯಲಾಗಲಿಲ್ಲ.

"ಗಾಡಿ ಬಂತು ಕಣೇ," ಚಿಕ್ಕಮ್ಮ ಕರೆದರು.

ಮಗಳು ಹಜಾರಕ್ಕೆ ಬಂದು, ಸೀನನ್ನು ಮೊದಲಿನಿಂದ ಹಾಕಿ, ಫೋನನ್ನು ಅಪ್ಪನ ಕಿವಿಯ ಪಕ್ಕ ಇಟ್ಟಳು. ಪಾತ್ರೆಯ ಸದ್ದು, ನಲ್ಲಿಯ ನೀರು, ನಗು. ಅದು ಮುಗಿಯುವವರೆಗೆ ಗಾಡಿಯವರು ಹೊಸ್ತಿಲ ಹೊರಗೇ ಕಾದರು.